ಈ ತಿಂಗಳು ರೂಮು ಖಾಲಿಯಿಲ್ಲ

ಮೈಸೂರಿನ ಸರಸ್ವತಿಪುರಂನಲ್ಲಿ ನಾನು ಹುಡುಗಿಯರ ಪಿಜಿ ನಡೆಸುತ್ತೇನೆ. ರೂಮು ಕೇಳಿಕೊಂಡು ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ. ಯಾವ ಊರು, ಅಪ್ಪ ಏನು ಮಾಡ್ತಾರೆ, ಸಂಜೆ ಎಷ್ಟು ಹೊತ್ತಿಗೆ ಬರ್ತೀಯ, ಫೋನಲ್ಲಿ ಜೋರಾಗಿ ಮಾತಾಡ್ತೀಯಾ, ತಲೆಗೆ ಎಣ್ಣೆ ಹಚ್ಚಿಕೊಂಡು ಗೋಡೆಗೆ ಒರಗ್ತೀಯಾ. ಕೊನೆಯದಕ್ಕೆ ಎಲ್ಲರೂ ಇಲ್ಲ ಅಂತಾರೆ, ಎಲ್ಲರೂ ಒರಗ್ತಾರೆ. ಇಂಥ ನಾನು ಎರಡು ಸಾವಿರದ ಹದಿನಾಲ್ಕರ ಶ್ರಾವಣದಲ್ಲಿ ಸಿಂಗಾಪುರಕ್ಕೆ ಹೋಗಿ, ಒಂದು ವಾರ ಕಂಡಕಂಡವರ ಬಾಗಿಲ ಹೊರಗೆ ನಿಂತು ಬಂದೆ. ಸಿಂಹದ ಬಾಯಿಂದ ನೀರು ಬೀಳುತ್ತಲ್ಲ, ಅದನ್ನ ನೋಡಿದಿರಾ ಅಂತ ಎಲ್ಲರೂ ಕೇಳುತ್ತಾರೆ. ಅದನ್ನ ನೋಡಲಿಲ್ಲ. ಬಾಗಿಲುಗಳನ್ನು ಚೆನ್ನಾಗಿ ನೋಡಿದೆ.

ಸಿಂಧು ನನ್ನ ಒಬ್ಬಳೇ ಮಗಳು. ಅವಳಿಗೆ ಅಲ್ಲಿ ಎಂ.ಎಸ್ಸಿಗೆ ಸೀಟು ಸಿಕ್ಕಿತ್ತು, ಸ್ವಲ್ಪ ಸ್ಕಾಲರ್‌ಶಿಪ್ಪೂ ಸಿಕ್ಕಿತ್ತು, ಹಾಸ್ಟೆಲ್ ಮಾತ್ರ ಸಿಗಲಿಲ್ಲ. ಸಿಟಿ ಬಸ್ ಡ್ರೈವರ್ ಆಗಿದ್ದ ನಮ್ಮೆಜಮಾನರು ತೀರಿಕೊಂಡು ಆಗ ಎರಡು ವರ್ಷ. ಅವರಿದ್ದಿದ್ದರೆ ಮಗಳ ಜೊತೆ ಅವರೇ ಹೊರಡುತ್ತಿದ್ದರು, ವಿಮಾನದ ಡ್ರೈವರನ್ನು ಮಾತಾಡಿಸಲೇಬೇಕು ಅಂತ ಹಟ ಹಿಡಿಯುತ್ತಿದ್ದರು. ಅವರಿಲ್ಲ ಅಂತ ನಾನು ಹೊರಟೆ, ಅದೂ ಆಷಾಢ ಕಳೆದ ಮೇಲೆ. ಆಷಾಢದಲ್ಲಿ ಯಾರಾದರೂ ಹೊಸ ಮನೆಗೆ ಕಾಲಿಡುತ್ತಾರೆಯೇ? ಸೋಮವಾರ ಅವಳಿಗೆ ಕ್ಲಾಸು ಶುರು, ಭಾನುವಾರ ಸಂಜೆ ನನಗೆ ವಾಪಸ್ ಫ್ಲೈಟು. ಅಷ್ಟರೊಳಗೆ ನಮ್ಮ ಕೈಗೆಟುಕುವ ಒಂದು ರೂಮು ಹುಡುಕಿ, ಅವಳನ್ನು ಅಲ್ಲಿ ಇರಿಸಿ ಬರಬೇಕಿತ್ತು. ಹೋದದ್ದು ಅದೊಂದೇ ಕೆಲಸಕ್ಕೆ.

ಸೆರಂಗೂನ್

ಇಳಿದುಕೊಂಡದ್ದು ವಿದ್ಯಾಳ ಮನೆಯಲ್ಲಿ. ವಿದ್ಯಾ ನಮ್ಮ ಬೀದಿಯ ಹುಡುಗಿ, ನನ್ನ ಕಣ್ಣೆದುರೇ ಲಂಗ ಹಾಕಿಕೊಂಡು ಕುಂಟೆಬಿಲ್ಲೆ ಆಡಿದವಳು. ಈಗ ಅವಳೂ ಗಂಡ ರವಿಯೂ ಇಬ್ಬರೂ ಸಾಫ್ಟ್‌ವೇರು, ಸೆರಂಗೂನಿನಲ್ಲಿ ಕಾಂಡೋ ಅನ್ನುವ ಖಾಸಗಿ ಅಪಾರ್ಟ್‌ಮೆಂಟು, ಕೆಳಗೆ ಈಜುಕೊಳ. ಅವರ ಪುಟ್ಟ ಮಗಳು ಆದ್ಯಾ ನನ್ನನ್ನು ನೋಡಿದ ಕೂಡಲೇ, "ಅಜ್ಜಿ, ಚಪ್ಪಲಿ ಅಲ್ಲೇ ಬಿಡು ಲಾ," ಅಂದಳು. ಮೈಸೂರಿನಲ್ಲಿ ನಾನು ಹುಡುಗಿಯರಿಗೆ ಹೇಳುವ ಮೊದಲ ಮಾತೂ ಅದೇ, ಅಲ್ಲಿಯವರು ಮಾತಿನ ಕೊನೆಗೆ ಅಂಟಿಸುವ ಆ ಲಾ ಒಂದು ಬಿಟ್ಟು. ಅಜ್ಜಿ ಅಂದಿದ್ದಕ್ಕೆ ಸ್ವಲ್ಪ ಉರಿಯಿತು, ನುಂಗಿಕೊಂಡೆ.

ವಿದ್ಯಾ ಚಿನ್ನದಂಥ ಹುಡುಗಿ. "ಆಂಟಿ, ಎಷ್ಟ್ ದಿನ ಬೇಕಾದ್ರೂ ಇರಿ," ಅಂತ ದಿನಾ ಹೇಳುತ್ತಿದ್ದಳು. ಆದರೆ ಹಾಲಿನ ಗೋಡೆಗೆ ಒಂದು ಹೊಸ ಹಾಸಿಗೆ ಪ್ಲಾಸ್ಟಿಕ್ಕಿನ ಸಮೇತ ಒರಗಿ ನಿಂತಿತ್ತು. ಶನಿವಾರ ರವಿಯ ಅಪ್ಪ ಅಮ್ಮ ಬರುವವರಿದ್ದರು. ಆ ಮನೆಯಲ್ಲಿ ಇದ್ದದ್ದು ಎರಡೇ ರೂಮು. ಯಾರೂ ಏನೂ ಹೇಳದಿದ್ದರೂ ಆ ಹಾಸಿಗೆ ಹೇಳಬೇಕಾದ್ದನ್ನೆಲ್ಲ ಹೇಳಿತು.

ಬೆಳಗಾದರೆ ಸಿಂಧು ಫೋನು ಹಿಡಿದು ಕೂರುತ್ತಿದ್ದಳು. ಆ ಕಡೆಯವರು ಹಲೋ ಆದ ಮೇಲೆ ಕೇಳುತ್ತಿದ್ದ ಮೊದಲ ಪ್ರಶ್ನೆ, ಯಾವ ದೇಶ? ಇಂಡಿಯಾ ಅಂದರೆ ಆ ಕಡೆ ಒಂದು ಗಳಿಗೆ ಮೌನ, ಆಮೇಲೆ, ಅಯ್ಯೋ ಸಾರಿ, ಈಗ ತಾನೇ ಹೋಯಿತು. ಬೇಡ ಅನ್ನಿಸಿದ ಹುಡುಗಿಗೆ ನಾನೂ ಹೀಗೇ ಹೇಳುತ್ತೇನಾದ್ದರಿಂದ, ಆ ಮೌನದ ಉದ್ದ ಕೇಳಿಯೇ ಉತ್ತರ ಗೊತ್ತಾಗಿಬಿಡುತ್ತಿತ್ತು. ಕೆಲವರು ಜಾಹೀರಾತಿನಲ್ಲೇ ಬರೆದುಬಿಟ್ಟಿದ್ದರು, ಇಂಡಿಯನ್ನರು ಬೇಡ ಅಂತ. ವಿದ್ಯಾ ಅಂಥವು ಬಂದಾಗ ಬೆರಳಲ್ಲಿ ಬೇಗಬೇಗ ಮೇಲೆ ತಳ್ಳುತ್ತಿದ್ದಳು.

"ಏ, ನಿಲ್ಲಿಸೇ, ಅದೇನು? ಬರೆದೇ ಹಾಕಿದ್ದಾರಲ್ಲ!" ಅಂದೆ.

"ಬೇಜಾರ್ ಮಾಡ್ಕೋಬೇಡಿ ಆಂಟಿ. ಒಗ್ಗರಣೆ ವಾಸನೆ ಕರ್ಟನ್‌ಗೆಲ್ಲ ಅಂಟ್ಕೊಳ್ಳುತ್ತೆ ಅಂತ ಅವ್ರಿಗೆ. ಎಲ್ರೂ ಹಾಗಲ್ಲ."

"ಬರೆದು ಹಾಕೋದೇ ವಾಸಿ ಆಂಟಿ," ಅಂದ ರವಿ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. "ಬಿಸಿಲಲ್ಲಿ ಹೋಗಿ ಅನ್ನಿಸ್ಕೊಂಡು ಬರೋದು ತಪ್ಪುತ್ತೆ."

ಸಿಂಧು ತನ್ನ ಕುರ್ತಾದ ತೋಳನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿಕೊಂಡದ್ದು ನನಗೆ ಕಂಡಿತು. ಅವಳಿಗೆ ಕಾಣದ ಹಾಗೆ ಅಡುಗೆಮನೆಗೆ ಹೋಗಿ ನೀರು ಕುಡಿದೆ.

ಜುರಾಂಗ್ ಈಸ್ಟ್

ಬಾ ಅಂದವರು ಜುರಾಂಗ್ ಈಸ್ಟ್‌ನಲ್ಲಿ ಇಬ್ಬರು. ರೈಲಿಂದ ಇಳಿದರೆ ಜನವೋ ಜನ, ದಸರಾ ಮೆರವಣಿಗೆಗೆ ಸೇರುವಷ್ಟು, ಆದರೆ ಒಬ್ಬರ ಕೈ ಒಬ್ಬರಿಗೆ ತಾಗುವುದಿಲ್ಲ, ಒಬ್ಬರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನಾನು ಎಸ್ಕಲೇಟರಿನ ಬಲಗಡೆ ನಿಂತು ಬೈಸಿಕೊಂಡೆ. ಅಲ್ಲಿ ಎಡಕ್ಕೆ ನಿಲ್ಲಬೇಕಂತೆ, ಬಲಗಡೆ ಓಡುವವರಿಗೆ. ಎಸ್ಕಲೇಟರ್ ಮೇಲೂ ಓಡುವ ಜನ ಅಂದರೆ ಅವರಿಗೆ ಎಂಥ ಆತುರವಿರಬೇಕು ಅಂತ ಕನಿಕರವಾಯಿತು.

ಮೊದಲನೆಯದು ರೂಮಲ್ಲ. ಸರ್ಕಾರಿ ಫ್ಲ್ಯಾಟೊಂದರ ಹಾಲಿಗೆ ಪ್ಲೈವುಡ್ ಹೊಡೆದು ಗೂಡು ಗೂಡು ಮಾಡಿದ್ದರು. ಒಂದೊಂದು ಗೂಡಿನಲ್ಲಿ ಒಂದು ಮಂಚ, ಮಂಚದ ಮೇಲೆ ಒಂದು ಹುಡುಗಿ, ಹುಡುಗಿಯ ಕಿವಿಯಲ್ಲಿ ವೈರು. ಕಿಟಕಿ ಎಲ್ಲೋ ಒಬ್ಬಳ ಪಾಲಿಗೆ ಹೋಗಿತ್ತು. ತೋರಿಸಲು ಬಂದ ಏಜೆಂಟ್ ಹೆಂಗಸು, "ಲೈಟ್ ಕುಕಿಂಗ್ ಓಕೆ," ಅಂದಳು. ಲೈಟ್ ಕುಕಿಂಗ್ ಅಂದರೇನಮ್ಮಾ ಅಂತ ಕೇಳಿದೆ. ನೀರು ಕುದಿಸಬಹುದು, ನೂಡಲ್ಸ್ ಬೇಯಿಸಬಹುದು. ಕರಿಯುವ ಹಾಗಿಲ್ಲ, ಹುರಿಯುವ ಹಾಗಿಲ್ಲ, ಸಿಡಿಯುವಂಥದ್ದು ಏನೂ ಆಗುವ ಹಾಗಿಲ್ಲ.

"ಅಂದ್ರೆ ಜ್ವರ ಬಂದೋರ ಊಟ," ಅಂದೆ ಸಿಂಧುಗೆ.

"ಸುಮ್ನಿರಮ್ಮ. ಬಾಡಿಗೆ ಇದೊಂದೇ ನಮಗಾಗೋದು."

ಎರಡನೆಯ ಮನೆ ನಮ್ಮ ದೇಶದವರದ್ದೇ. ಬಾಗಿಲಿಗೆ ತೋರಣ, ಒಳಗಿಂದ ಊದುಬತ್ತಿ ವಾಸನೆ. ಅಬ್ಬ, ಇನ್ನು ಚಿಂತೆಯಿಲ್ಲ ಅಂದುಕೊಂಡೆ. ಆ ಯಜಮಾನರು ಕೂರಿಸಿ ಕಾಫಿ ಕೊಟ್ಟು, ಸಿಂಧುವಿನ ಮಾರ್ಕ್ಸ್ ಕೇಳಿ ಮೆಚ್ಚಿ, ಕೊನೆಗೆ, "ಪ್ಯೂರ್ ವೆಜಿಟೇರಿಯನ್ ತಾನೆ?" ಅಂದರು. ಸಿಂಧು ನನ್ನ ಮುಖ ನೋಡಿದಳು. ನಾನು, ಇಲ್ಲಪ್ಪ, ನಾವು ಮಟನ್ ತಿನ್ನೋರು, ಭಾನುವಾರ ತಪ್ಪಿಸೋದಿಲ್ಲ ಅಂದುಬಿಟ್ಟೆ. ಕಾಫಿ ಅರ್ಧದಲ್ಲೇ ಉಳಿಯಿತು.

"ಒಂದ್ ಸುಳ್ಳು ಹೇಳಿದ್ರೆ ಏನಾಗ್ತಿತ್ತಮ್ಮ?" ಅಂದಳು ಲಿಫ್ಟಿನಲ್ಲಿ.

"ಸುಳ್ಳು ಹೇಳಿ ಸೇರ್ಕೊಂಡವ್ರನ್ನ ನಾನು ವಾರದೊಳಗೆ ಹಿಡೀತೀನಿ ಕಣೇ. ಅವ್ರೂ ಹಿಡೀತಾರೆ. ಆಮೇಲೆ ಗಂಟುಮೂಟೆ ತಗೊಂಡ್ ಎಲ್ಲಿಗೆ ಹೋಗ್ತೀಯ?"

ಒಬ್ಬರಿಗೆ ನಮ್ಮ ಸಾಸಿವೆ ಆಗದು, ಇನ್ನೊಬ್ಬರಿಗೆ ನಮ್ಮ ಮಟನ್ ಆಗದು. ನಗು ಬರಬೇಕಿತ್ತು. ಕೆಳಗೆ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ವಾಯ್ಡ್ ಡೆಕ್ ಅಂದರೆ ಆ ಎತ್ತರದ ಕಟ್ಟಡಗಳ ಅಡಿಯಲ್ಲಿ ಗೋಡೆಯಿಲ್ಲದೆ ಬಿಟ್ಟಿರುವ ಜಾಗ. ಮುದುಕರು ಚದುರಂಗ ಆಡುತ್ತಾರೆ, ಮದುವೆಯೂ ಅಲ್ಲೇ, ಹೆಣ ಇಡುವುದೂ ಅಲ್ಲೇ. ಇಷ್ಟು ದೊಡ್ಡ ಜಾಗ ಖಾಲಿ ಬಿದ್ದಿದೆಯಲ್ಲ, ಇಲ್ಲೇ ಒಂದು ಮಂಚ ಹಾಕಿಕೊಡಬಾರದೇ ಅನ್ನಿಸಿತು ನನಗೆ.

ಬುಕಿತ್ ಪಂಜಾಂಗ್

ಗುರುವಾರ ಒಂದು ಪವಾಡವಾಯಿತು. ಜಾಹೀರಾತಿನಲ್ಲಿ, ಇಂಡಿಯನ್ ಓಕೆ, ಕುಕಿಂಗ್ ಓಕೆ, ಈಗಲೇ ಬರಬಹುದು ಅಂತಿತ್ತು. ಬಾಡಿಗೆಯೂ ಆ ಪ್ಲೈವುಡ್ ಗೂಡಿನದಕ್ಕಿಂತ ಚೂರೇ ಚೂರು ಹೆಚ್ಚು. ಟಾನ್ ಆಂಟಿ ಅಂತ ಒಬ್ಬರೇ ಇರುವ ವಯಸ್ಸಾದ ಹೆಂಗಸಂತೆ, ಅಣ್ಣನ ಮಗ ಜಾಹೀರಾತು ಹಾಕಿದ್ದನಂತೆ. ಸಿಂಧು ಫೋನಿಟ್ಟವಳೇ ಮಂಚದ ಮೇಲೆ ಕುಣಿದಳು. ಅಪ್ಪ ಹೋದ ಮೇಲೆ ಅವಳು ಹಾಗೆ ಕುಣಿದದ್ದನ್ನು ನಾನು ನೋಡಿರಲಿಲ್ಲ.

ರೈಲು ಬದಲಾಯಿಸಿ, ಕೊನೆಗೆ ಒಂದು ಪುಟ್ಟ ರೈಲು ಹತ್ತಬೇಕು. ಅದಕ್ಕೆ ಡ್ರೈವರೇ ಇಲ್ಲ. ನಮ್ಮೆಜಮಾನರು ನೋಡಿದ್ದರೆ ಇಳಿದುಬಿಡುತ್ತಿದ್ದರು. ಅದು ಕಂಬಗಳ ಮೇಲೆ ಮನೆಗಳ ನಡುವೆ ಹೋಗುತ್ತದೆ. ಯಾರದೋ ಅಡುಗೆಮನೆ, ಯಾರದೋ ಬಿದಿರುಗಳುವಿನ ಮೇಲೆ ಒಣಗುವ ಬಟ್ಟೆ, ನಾನು ಕತ್ತು ಚಾಚಿ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಕಿಟಕಿಯ ಗಾಜು ತನ್ನಷ್ಟಕ್ಕೆ ತಾನೇ ಮಂಜಾಯಿತು. ನನ್ನ ಕಣ್ಣಿಗೇ ಏನೋ ಆಯಿತು ಅಂತ ಗಾಬರಿಯಾಗಿ ಸೆರಗಿನಿಂದ ಕಣ್ಣುಜ್ಜಿಕೊಂಡೆ. ಮನೆ ತೀರಾ ಹತ್ತಿರ ಬಂದಾಗ ಒಳಗಿನವರು ಕಾಣಬಾರದೆಂದು ಗಾಜಿಗೆ ಹಾಗೆ ಮಾಡಿದ್ದಾರಂತೆ. ಸಿಂಧು ಬಿದ್ದು ಬಿದ್ದು ನಕ್ಕಳು.

ಇಳಿದು ಅವರ ಬ್ಲಾಕಿನ ಹತ್ತಿರ ಬಂದರೆ, ಹುಲ್ಲಿನ ಅಂಚಿನಲ್ಲಿ ಯಾರೋ ಪೂಜೆ ಮಾಡಿಟ್ಟಿದ್ದರು. ಎರಡು ಕೆಂಪು ಮೇಣದ ಬತ್ತಿ, ಊದುಬತ್ತಿ, ಒಂದಿಷ್ಟು ಅನ್ನ, ಸಾಲಾಗಿ ಕಿತ್ತಳೆ ಹಣ್ಣು. ಒಳ್ಳೆ ಶಕುನ ಅಂತ ನನಗೆ ಮೈ ಜುಮ್ಮೆಂದಿತು. ಚಪ್ಪಲಿ ಬಿಟ್ಟು, ಕೈ ಮುಗಿದು, ಮಗಳಿಗೆ ಈ ರೂಮು ದಕ್ಕಲಪ್ಪಾ ಅಂತ ಬೇಡಿಕೊಂಡು, ಪ್ರಸಾದ ಅಂತ ಒಂದು ಕಿತ್ತಳೆ ಎತ್ತಿಕೊಂಡೆ.

"ಐಯೋ! ಕೆನಾಟ್! ಕೆನಾಟ್!"

ಗಿಡ್ಡಕ್ಕೆ, ಬೆಳ್ಳಿಕೂದಲನ್ನು ಮೋಟಾಗಿ ಕತ್ತರಿಸಿಕೊಂಡ, ಹೂವಿನ ಅಂಗಿಯ ಹೆಂಗಸೊಬ್ಬರು ಕೈಯಾಡಿಸುತ್ತ ಓಡಿಬಂದರು. ನನ್ನ ಕೈಯಿಂದ ಹಣ್ಣು ಕಿತ್ತು, ಇದ್ದಲ್ಲೇ ಇಟ್ಟು, ಆ ಅನ್ನದ ಕಡೆ ತಿರುಗಿ ಏನೋ ಗೊಣಗಿದರು, ಕ್ಷಮೆ ಕೇಳುವ ದನಿಯಲ್ಲಿ. ನಮ್ಮನ್ನು ಕರೆದೊಯ್ಯಲೆಂದು ಇಳಿದುಬಂದಿದ್ದ ಟಾನ್ ಆಂಟಿ ಅವರೇ. ಮೇಲೆ ಮನೆಗೆ ಹೋದ ಕೂಡಲೇ ಬಕೆಟ್ಟಿನ ನೀರಿಗೆ ಏನೋ ಎಲೆ ಹಾಕಿ ನನ್ನ ಕೈ, ಮುಖ ಎಲ್ಲ ತೊಳೆಸಿದರು. ಮೂಸಿ ನೋಡಿದೆ, ನಮ್ಮ ಚಕ್ಕೋತದ ಎಲೆ. ಆಗ ಅವರು ಬಿಡಿಸಿ ಹೇಳಿದರು. ಅದು ದೇವರಿಗೆ ಇಟ್ಟದ್ದಲ್ಲವಂತೆ. ಅವರ ಪಂಚಾಂಗದ ಏಳನೇ ತಿಂಗಳು ಶುರುವಾಗಿದೆಯಂತೆ, ಈ ತಿಂಗಳು ಸತ್ತವರನ್ನೆಲ್ಲ ಭೂಮಿಗೆ ಬಿಡುತ್ತಾರಂತೆ, ಹೇಳುವವರು ಕೇಳುವವರಿಲ್ಲದ ಹಸಿದ ಪ್ರೇತಗಳಿಗೆ ಯಾರಾದರೂ ಹಾಗೆ ಬೀದಿಯಲ್ಲಿ ಬಡಿಸುತ್ತಾರಂತೆ. ನಾನು ಯಾವುದೋ ಅನಾಥ ದೆವ್ವದ ತಟ್ಟೆಗೆ ಕೈ ಹಾಕಿದ್ದೆ!

ರೂಮು ನೋಡಿದೆವು. ಪುಟ್ಟದು, ಅಚ್ಚುಕಟ್ಟು. ಕಿಟಕಿಯಾಚೆ ಹಸಿರು ಗುಡ್ಡ. ಹೊಸದಾಗಿ ಇಸ್ತ್ರಿ ಮಾಡಿದ ಹಾಸು, ಮಂಚದ ಕೆಳಗೆ ಜೋಡಿಸಿಟ್ಟ ಒಂದು ಜೊತೆ ಮನೆ ಚಪ್ಪಲಿ. ಒಗ್ಗರಣೆ ಹಾಕಬಹುದಾ ಅಂತ ನಾನೇ ಕೇಳಿದೆ.

"ಕುಕ್, ಕುಕ್," ಅಂದರು ಆಂಟಿ. "ವಾಸನೆ ಇಲ್ಲದ ಮನೆ, ಜನ ಇಲ್ಲದ ಮನೆ."

ನನಗೆ ಆ ಹೆಂಗಸನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಸಿಂಧು ಬ್ಯಾಗು ಕೆಳಗಿಟ್ಟು, ನಾಳೆಯೇ ಬರಲಾ ಆಂಟಿ ಅಂದಳು.

"ಈ ತಿಂಗಳು ಕೆನಾಟ್. ನೆಕ್ಸ್ಟ್ ಮಂತ್ ಕ್ಯಾನ್."

ಅಣ್ಣನ ಮಗ ಗೊತ್ತಾಗದೆ, ಈಗಲೇ ಬರಬಹುದು ಅಂತ ಹಾಕಿಬಿಟ್ಟಿದ್ದನಂತೆ. ಏಳನೇ ತಿಂಗಳು ಆ ರೂಮಿಗೆ ಯಾರೂ ಬರುವ ಹಾಗಿಲ್ಲ. ಸಿಂಧು ಸೋಮವಾರ ಕ್ಲಾಸು ಅಂದಳು, ಇರುವುದಕ್ಕೆ ಬೇರೆ ಜಾಗವಿಲ್ಲ ಅಂದಳು, ನೆಲದ ಮೇಲೆ ಮಲಗುತ್ತೇನೆ ಅಂದಳು. ಟಾನ್ ಆಂಟಿ ತಲೆ ತಗ್ಗಿಸಿಕೊಂಡು, "ಸಾರಿ, ಕೆನಾಟ್," ಅನ್ನುತ್ತಲೇ ಇದ್ದರು. ಓನರುಗಳ ಇಲ್ಲ ಅನ್ನುವುದರಲ್ಲಿ ಎರಡು ಬಗೆ. ಒಂದು ಚೌಕಾಸಿಯ ಇಲ್ಲ, ಇನ್ನೊಂದು ಇಲ್ಲವೆಂದರೆ ಇಲ್ಲ. ಇದು ಎರಡನೆಯದು ಅಂತ ನನಗೆ ತಿಳಿಯಿತು. ಮಗಳ ಕೈ ಹಿಡಿದು ಎಬ್ಬಿಸಿದೆ.

ಪುಟ್ಟ ರೈಲಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಭುಜ ಅಲ್ಲಾಡುತ್ತಿತ್ತು.

"ಈ ಊರಲ್ಲಿ ದೆವ್ವಕ್ಕೂ ಒಂದು ರೂಮ್ ಇದೆ ಅಮ್ಮ. ನಂಗಿಲ್ಲ."

ಗಾಜು ಮತ್ತೆ ಮಂಜಾಯಿತು. ಈ ಸಲ ಅವಳು ನಗಲಿಲ್ಲ.

ಮತ್ತೆ ಸೆರಂಗೂನ್

"ಹೌದು ಆಂಟಿ, ಈ ತಿಂಗಳು ಅವ್ರು ಮನೆ ಶಿಫ್ಟ್ ಆಗಲ್ಲ, ಮದ್ವೆ ಮಾಡಲ್ಲ, ಏನೂ ಹೊಸದು ಮಾಡಲ್ಲ," ಅಂದಳು ವಿದ್ಯಾ. "ನಮ್ ಆಫೀಸಲ್ಲಿ ಒಬ್ರು ಕಾರ್ ಬುಕ್ ಮಾಡಿ ಡೆಲಿವರಿ ಮುಂದಕ್ಕೆ ಹಾಕಿದಾರೆ."

ಅಂದರೆ ಅವರ ಆಷಾಢ ಇದು. ನಮ್ಮ ಆಷಾಢ ಮುಗಿಯಲಿ ಅಂತ ಕಾದು ಕೂತು, ಶುಭ ಮಾಸ ನೋಡಿ ಹೊರಟರೆ, ನೇರ ಬಂದು ಅವರ ಆಷಾಢದೊಳಗೆ ಇಳಿದಿದ್ದೆ. ಹದಿನೈದು ದಿನ ಮೊದಲೇ ಬಂದಿದ್ದರೆ ರೂಮು ಸಿಗುತ್ತಿತ್ತೋ ಏನೋ. ಸಿಂಧು ಆಗಲೇ ಹೇಳಿದ್ದಳು, ಬೇಗ ಹೋಗೋಣ ಅಂತ. ಈಗ ಅದನ್ನು ಎತ್ತಿ ಆಡದೆ ಅವಳು ಸುಮ್ಮನಿದ್ದದ್ದರಿಂದಲೇ ನನಗೆ ಹೆಚ್ಚು ನೋವಾಯಿತು.

ಊಟವೂ ಬೇಡ ಅಂದಳು. "ವಾಪಸ್ ಬಂದ್ಬಿಡ್ಲಾ ಅಮ್ಮ? ಮುಂದಿನ ವರ್ಷ ನೋಡೋಣ," ಅಂದಳು. ಮುಂದಿನ ವರ್ಷ ಸೀಟು ಯಾರಿಟ್ಟಿರುತ್ತಾರೆ? ಸ್ಕಾಲರ್‌ಶಿಪ್ಪು ಯಾರಿಟ್ಟಿರುತ್ತಾರೆ? ವಾಪಸ್ ಬಂದರೆ ಅವಳು ಮತ್ತೆ ಹೊರಡುವವಳಲ್ಲ ಅಂತ ನನಗೆ ಗೊತ್ತಿತ್ತು. ಅಪ್ಪ ಹೋದಂದಿನಿಂದ ನನ್ನನ್ನು ಬಿಟ್ಟಿರದ ಹುಡುಗಿ. ವಾಪಸ್ ಬಾ ಅನ್ನುವುದಕ್ಕೆ ನನ್ನ ನಾಲಗೆಯೂ ತುದಿಗಾಲಲ್ಲಿತ್ತು. ಕಚ್ಚಿ ಹಿಡಿದೆ.

"ನಾಳೆ ನಾನೊಬ್ಳೇ ಹೋಗಿ ಬರ್ತೀನಿ. ಓನರ್ ಹತ್ರ ಓನರ್ ಮಾತಾಡಿದ್ರೆ ಬೇರೆ ಇರುತ್ತೆ," ಅಂದೆ.

ಮತ್ತೆ ಬುಕಿತ್ ಪಂಜಾಂಗ್

ಸಿಂಧು ಯೂನಿವರ್ಸಿಟಿಗೆ ಹೋದ ಮೇಲೆ, ಅವಳಿಗೆಂದು ಮೈಸೂರಿನಿಂದ ತಂದಿದ್ದ ಕೋಡುಬಳೆ ಡಬ್ಬಿ ಹಿಡಿದುಕೊಂಡು ಹೊರಟೆ. ಬರಿಗೈಲಿ ಹೋಗಬಾರದಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬಿಹಾರದ, ಟಿಬೆಟ್ಟಿನ, ಇರಾನಿನ ಹುಡುಗಿಯರ ಜೊತೆ ಗುದ್ದಾಡಿ ಕಲಿತ ಇಂಗ್ಲಿಷು ನನ್ನದು, ಬಾಡಿಗೆ ವಿಷಯಕ್ಕೆ ಬಂದರೆ ಯಾರಿಗೂ ಕಮ್ಮಿಯಿಲ್ಲ.

ಬಾಗಿಲು ತೆರೆದಿತ್ತು, ಕಬ್ಬಿಣದ ಗ್ರಿಲ್ ಮುಚ್ಚಿತ್ತು. ಒಳಗಿಂದ ಶುಂಠಿ ಬೆಳ್ಳುಳ್ಳಿ ಹುರಿದ ಘಮ.

"ನಿನ್ನೆ ಹೇಳಿದೆ, ಕೆನಾಟ್," ಅಂದರು ಟಾನ್ ಆಂಟಿ, ಗ್ರಿಲ್ ತೆಗೆಯದೆ.

ಡಬ್ಬಿ ಎತ್ತಿ ತೋರಿಸಿದೆ. ನೋಡಿದರು, ನಿಟ್ಟುಸಿರು ಬಿಟ್ಟರು, ಗ್ರಿಲ್ ತೆಗೆದರು. ಕೈಯಲ್ಲಿ ಅನ್ನದ ಬಟ್ಟಲಿತ್ತು. ನನ್ನನ್ನು ಹಿಂದೆ ಹಾಕಿಕೊಂಡು ಅದೇ ರೂಮಿಗೆ ಹೋದರು.

ಮಂಚದ ಪಕ್ಕ ಒಂದು ಮಡಚುವ ಮೇಜು ಹಾಕಿದ್ದರು. ಅದರ ಮೇಲೆ ಹಬೆಯಲ್ಲಿ ಬೇಯಿಸಿದ ಮೀನು, ಹುರಿದ ಸೊಪ್ಪು, ಮೊಟ್ಟೆ, ಒಂದು ಲೋಟ ಸೋಯಾ ಹಾಲು. ದಿಂಬಿನ ಮೇಲೆ ಒಂದು ಫೋಟೋ ಒರಗಿಸಿದ್ದರು. ಹಣೆ ತುಂಬ ಕೂದಲು ಬಿಟ್ಟ, ಕನ್ನಡಕದ ಹುಡುಗಿ. ನಗುತ್ತಿದ್ದಳು. ನಮ್ಮ ಸಿಂಧುವಿನ ವಯಸ್ಸೇ.

"ಮೈ ಗರ್ಲ್," ಅಂದರು. "ಮೇ."

ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಎರಡೂ ಕುಂಟು. ಅರ್ಥವಾದದ್ದನ್ನು ನನ್ನ ಮಾತಲ್ಲೇ ಹೇಳುತ್ತೇನೆ. ಒಬ್ಬಳೇ ಮಗಳು. ಓದುತ್ತಿದ್ದಳು, ರಕ್ತದ ಕಾಯಿಲೆ ಬಂತು, ಹೋಗಿಬಿಟ್ಟಳು. ಒಬ್ಬರೇ ಇರಲಾರದೆ ಅವಳ ರೂಮನ್ನು ಅವಳಂಥ ಓದುವ ಹುಡುಗಿಯರಿಗೆ ಕೊಡುತ್ತಾರೆ. ಹನ್ನೊಂದು ತಿಂಗಳು ಯಾರಾದರೂ ಇರಲಿ. ಆದರೆ ಈ ತಿಂಗಳು ಆ ಲೋಕದವರು ಅವಳಿಗೆ ಬಾಗಿಲು ತೆಗೆದು ಬಿಡುತ್ತಾರೆ, ಅವಳು ಮನೆಗೆ ಬರುತ್ತಾಳೆ.

"ಬಂದಾಗ ಅವಳ ಮಂಚದ ಮೇಲೆ ಬೇರೆ ಹುಡುಗಿ ಮಲಗಿದ್ದರೆ, ಅವಳು ಎಲ್ಲಿ ಕೂರ್ತಾಳೆ?" ಅಂದರು.

ಜೋಡಿಸಿಕೊಂಡು ಹೋಗಿದ್ದ ಮಾತನ್ನೆಲ್ಲ ಅಲ್ಲಿಗೇ ಬಿಟ್ಟು, ಮಂಚದ ಕೆಳಗಿನ ಆ ಜೊತೆ ಚಪ್ಪಲಿ ನೋಡಿದೆ.

ಅವರು ಮಗಳಿಗೆ ಕೈ ಮುಗಿಯುವುದಿಲ್ಲವಂತೆ. ದೊಡ್ಡವರು ಚಿಕ್ಕವರಿಗೆ ಮುಗಿಯಬಾರದು, ಅದು ತಲೆಕೆಳಗು. "ನಾನು ಪೂಜೆ ಮಾಡಲ್ಲ. ಊಟ ಹಾಕ್ತೀನಿ, ಅಷ್ಟೆ." ನಮ್ಮಲ್ಲೂ ಎಡೆ ಇಡುವುದು ಹಿರಿಯರಿಗೆ. ಮಕ್ಕಳಿಗೆ ಎಡೆ ಇಡುವ ಹಣೆಬರಹ ಯಾವ ತಾಯಿಗೂ ಬೇಡ. ನಾನು ಡಬ್ಬಿ ತೆಗೆದೆ. ಅವರು ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು, ಕಣ್ಣರಳಿತು. ಇನ್ನೆರಡು ತೆಗೆದು ಮಗಳ ತಟ್ಟೆಗೆ ಇಟ್ಟರು. ಕರುಂಕುರುಂ ಅನ್ನುವುದೆಲ್ಲ ಅವಳಿಗೆ ಇಷ್ಟವಂತೆ.

ಆಮೇಲೆ ಒಂದು ಸ್ಟೂಲ್ ಎಳೆದುಕೊಂಡು ಮೇಜಿನ ಮುಂದೆಯೇ ಕೂತು ಬಟ್ಟಲನ್ನೇ ನೋಡತೊಡಗಿದರು. ದಿನಾ ಹೀಗೇ ನೋಡುತ್ತಾರಂತೆ. ಬಂದಳೋ ಇಲ್ಲವೋ ಗೊತ್ತೇ ಆಗುವುದಿಲ್ಲ ಅಂದರು. ನನಗೆ ತಡೆಯಲಿಲ್ಲ.

"ಹೀಗೆ ಎದುರಿಗೇ ಕೂತರೆ ಅವಳು ಹೇಗೆ ತಿಂತಾಳೆ ಆಂಟಿ? ಬಾಗಿಲು ಮುಚ್ಚಬೇಕು."

ಅರ್ಥವಾಗದೆ ನನ್ನನ್ನು ನೋಡಿದರು. ಕೈಸನ್ನೆ, ಬಾಯಿಸನ್ನೆ ಎಲ್ಲ ಸೇರಿಸಿ ಹೇಳಿದೆ. ನಮ್ಮೂರ ಕಡೆ ಮಹಾಲಯ ಅಮಾವಾಸ್ಯೆಗೆ ಸತ್ತವರ ಹೆಸರಲ್ಲಿ ಎಲೆ ಹಾಕಿ ಅವರಿಗೆ ಏನೇನು ಇಷ್ಟವೋ ಎಲ್ಲ ಬಡಿಸುತ್ತೇವೆ. ನಮ್ಮೆಜಮಾನರಿಗಾದರೆ ಮುದ್ದೆ, ಮಟನ್ ಸಾರು, ಕೋಡುಬಳೆ, ಒಂದು ಕಟ್ಟು ಬೀಡಿ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲೆಳೆದುಕೊಂಡು ಕೂರುತ್ತೇವೆ. ನಾವು ನೋಡುತ್ತಿದ್ದರೆ ಅವರಿಗೆ ಸಂಕೋಚ. ಅವರು ಉಂಡು ಮುಗಿಸುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಆಮೇಲೆ ತೆಗೆಯಬೇಕು.

ಟಾನ್ ಆಂಟಿ ಎದ್ದು, ಅನ್ನದ ಬಟ್ಟಲನ್ನು ಫೋಟೋ ಕಡೆಗೆ ಚೂರು ಸರಿಸಿ, ಹೊರಗೆ ಬಂದು ಬಾಗಿಲು ಮುಚ್ಚಿದರು. ಇಬ್ಬರೂ ಎರಡು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಅಲ್ಲೇ ಕೂತೆವು.

ಹೋದ ವರ್ಷ ಹೀಗೇ ನಾನೂ ಸಿಂಧೂ ಕೂತಿದ್ದೆವು. ನಮ್ಮೆಜಮಾನರ ಊಟ ಬಲು ನಿಧಾನ. ಡ್ಯೂಟಿಯಲ್ಲಿ ಬಸ್ ನಿಲ್ಲಿಸಿ ಗಬಗಬ ನುಂಗುತ್ತಿದ್ದರು, ಆದ್ದರಿಂದ ಮನೆಯಲ್ಲಿ ಮಾತ್ರ ಗಂಟೆಗಟ್ಟಲೆ ಊಟ. ಎಂಜಲು ಕೈ ಒಣಗಿದರೂ ಏಳುವವರಲ್ಲ. ಅದಕ್ಕೆ ನಾನು ಬೈಯದ ದಿನವಿಲ್ಲ. ಹೋದ ವರ್ಷ ಬಾಗಿಲು ತಟ್ಟಲು ಹೋದ ನನ್ನನ್ನು ಸಿಂಧು, "ಇನ್ನೂ ಸಾರಲ್ಲೇ ಇರ್ತಾರಮ್ಮ, ಇರು," ಅಂತ ತಡೆದಿದ್ದಳು. ಈ ವರ್ಷ ಬಾಗಿಲ ಹೊರಗೆ ನಾನೊಬ್ಬಳೇ ಕೂರಬೇಕು ಅನ್ನುವುದು ಆ ಸ್ಟೂಲಿನ ಮೇಲೆ ನನಗೆ ಮೊದಲ ಸಲ ಹೊಳೆಯಿತು. ಅಳು ಬಂತು. ಬಂದಷ್ಟೂ ಅತ್ತೆ. ಟಾನ್ ಆಂಟಿ ಯಾಕೆ ಅಂತ ಕೇಳಲಿಲ್ಲ. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಅವರೂ ಕೂತಿದ್ದರು.

ತಟ್ಟಿ ಬಾಗಿಲು ತೆಗೆದೆವು. ಮೀನು ಹಾಗೇ ಇತ್ತು, ಅನ್ನ ಆರಿತ್ತು, ಕೋಡುಬಳೆ ಎರಡೂ ಇದ್ದವು.

"ತಿಂದಳಾ?" ಅಂದರು, ಪರೀಕ್ಷೆಯ ಫಲಿತಾಂಶ ಕೇಳುವ ಮಕ್ಕಳ ಮುಖ ಮಾಡಿಕೊಂಡು.

"ತಿಂದಿದ್ದಾಳೆ," ಅಂದೆ. ನಮ್ಮತ್ತೆ ಹೀಗೇ ಹೇಳುತ್ತಿದ್ದರು. ಅದನ್ನು ಒಬ್ಬರು ಗಟ್ಟಿಯಾಗಿ ಹೇಳಬೇಕು, ಅಷ್ಟೆ.

ರೂಮಿನ ಮಾತು ನಾನು ಎತ್ತಲಿಲ್ಲ. ಎತ್ತುವ ಬಾಯಿ ಎಲ್ಲಿತ್ತು? ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರೇ ಕೇಳಿದರು, ನಿನ್ನ ಮಗಳು ಎಲ್ಲಿರ್ತಾಳೆ? ಒಂದು ತಿಂಗಳು ಹೇಗೋ ಮಾಡ್ತಾಳೆ ಅಂದೆ. ತಿಂಗಳು ಮುಗಿದ ಮಾರನೇ ದಿನ ಬರಲಿ ಅಂದರು. ಆದರೆ ಮುಂದಿನ ವರ್ಷ ಏಳನೇ ತಿಂಗಳಿಗೆ ಮತ್ತೆ ಹೊರಗೆ ಹೋಗಬೇಕು, ಆಗುತ್ತಾ? ಎಂಥೆಂಥ ಕರಾರು ಹಾಕುವ ಓನರು ನಾನು. ಅದಕ್ಕಿಂತ ನ್ಯಾಯವಾದ ಕರಾರನ್ನು ಕೇಳಿರಲಿಲ್ಲ.

"ಕ್ಯಾನ್," ಅಂದೆ.

ಮತ್ತೆ ಜುರಾಂಗ್ ಈಸ್ಟ್

ಶನಿವಾರ ಸಿಂಧುವನ್ನು ಆ ಪ್ಲೈವುಡ್ ಗೂಡಿಗೆ ಸೇರಿಸಿದೆ. ಏಜೆಂಟ್ ಹೆಂಗಸನ್ನು ಒಂದು ತಿಂಗಳಿಗೆ ಒಪ್ಪಿಸುವಷ್ಟರಲ್ಲಿ ನನ್ನ ಹೆಣ ಬಿದ್ದುಹೋಯಿತು. ಟಾನ್ ಆಂಟಿಯ ಮಗಳ ವಿಷಯ ಹೇಳಿದ್ದರಿಂದ ಸಿಂಧು ಮತ್ತೆ ದೆವ್ವ ಅನ್ನಲಿಲ್ಲ. ಕಿಟಕಿಯಿಲ್ಲದ ಆ ಜಾಗದಲ್ಲಿ ಮಂಚದ ಮೇಲೆ ಅವಳೊಬ್ಬಳು ಕೂರಬಹುದಿತ್ತು, ನನಗೆ ನಿಲ್ಲುವುದಕ್ಕೂ ಜಾಗವಿರಲಿಲ್ಲ. ಹೊರಗಿನ ಕಾರಿಡಾರಿನಲ್ಲಿ ನಿಂತೇ ಅವಳಿಗೆ ತಲೆ ಬಾಚಿ ಜಡೆ ಹಾಕಿದೆ. ಚಿಕ್ಕವಳಾಗಿದ್ದಾಗ ಬಿಗಿಯಾಯ್ತು ಅಂತ ಕಿರುಚುತ್ತಿದ್ದವಳು ಆವತ್ತು, "ಇನ್ನೂ ಬಿಗಿಯಾಗಿ ಹಾಕಮ್ಮ, ಬೇಗ ಬಿಚ್ಚಬಾರದು," ಅಂದಳು.

ಭಾನುವಾರ ವಿಮಾನ ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ಹೊರಗೆ ನೋಡುವ ಮನಸ್ಸಿರಲಿಲ್ಲ.

ಮೈಸೂರು

ಮಹಾಲಯ ಅಮಾವಾಸ್ಯೆ ಬಂತು. ಅಷ್ಟರಲ್ಲಿ ಸಿಂಧು ಟಾನ್ ಆಂಟಿಯ ಮನೆಗೆ ಹೋಗಿ ಕೆಲವು ವಾರವಾಗಿತ್ತು. ಹಬ್ಬಕ್ಕೆ ಪಿಜಿ ಹುಡುಗಿಯರೆಲ್ಲ ಊರಿಗೆ ಹೋಗಿದ್ದರು. ಒಬ್ಬಳೇ ಮುದ್ದೆ ತಿರುವಿ, ಸಾರು ಮಾಡಿ, ಎಲೆ ಹಾಕಿ ಬಡಿಸಿ, ಬೀಡಿ ಕಟ್ಟು ಇಟ್ಟು, ಹೊರಗೆ ಬಂದು ಬಾಗಿಲೆಳೆದುಕೊಂಡೆ. ಮೆಟ್ಟಿಲ ಮೇಲೆ ಕೂತೆ. ಪಕ್ಕ ಖಾಲಿಯಿತ್ತು. ಫೋನು ಹೊಡೆದುಕೊಂಡಿತು.

"ಅಮ್ಮ, ಎಡೆ ಇಟ್ಟೆಯಾ?" ಸಿಂಧು ಪಿಸುಮಾತಿನಲ್ಲಿ ಕೇಳಿದಳು.

"ಇಟ್ಟೆ ಕಣೇ. ಹೊರಗೆ ಕೂತಿದೀನಿ. ಯಾಕೆ ಪಿಸುಗುಡ್ತಿದೀಯ?"

"ನಾವೂ ಇಟ್ಟಿದೀವಿ. ನನ್ನ ರೂಮಲ್ಲಿ. ಅಪ್ಪಂಗೆ. ನಿನ್ನೆ ಆಂಟಿಗೆ ಹೇಳ್ದೆ, ನಾಳೆ ಅಮ್ಮ ಒಬ್ಳೇ ಕೂತಿರ್ತಾಳೆ ಅಂತ. ನಿಮ್ಮಪ್ಪಂಗೆ ಏನಿಷ್ಟ ಅಂತ ಕೇಳಿ ಮಟನ್ ತಂದ್ರು. ಮುದ್ದೆ ಗಂಟಾಗಿದೆ ಅಮ್ಮ. ಬೀಡಿ ಸಿಗಲಿಲ್ಲ, ಆಂಟಿ ಪಕ್ಕದ ಮನೆ ಅಂಕಲ್ ಹತ್ರ ಒಂದ್ ಸಿಗರೇಟ್ ಇಸ್ಕೊಂಡ್ ಬಂದ್ರು. ಬಾಗಿಲು ಮುಚ್ಚಿ ಇಬ್ರೂ ಸ್ಟೂಲ್ ಹಾಕ್ಕೊಂಡು ಕೂತಿದೀವಿ."

ವಿಮಾನ ಹತ್ತದೇ ಹೋದ ಮನುಷ್ಯ, ಪಾಪ, ಒಂದೇ ದಿನ ಎರಡು ಕಡೆ ಉಣ್ಣಬೇಕು. ಮೊದಲು ಮಗಳ ಗಂಟು ಮುದ್ದೆಯನ್ನೇ ಉಣ್ಣಲಿ ಅಂತ ಮನಸ್ಸಿನಲ್ಲೇ ಹೇಳಿದೆ. ಆ ಕಡೆಯಿಂದ ಟಾನ್ ಆಂಟಿ ಏನೋ ಕೇಳಿದ್ದು ಕೇಳಿಸಿತು.

"ಅಮ್ಮ, ಬಾಗಿಲು ತಟ್ಟೋದಾ ಅಂತ ಆಂಟಿ ಕೇಳ್ತಿದಾರೆ."

"ಬೇಡ ಅನ್ನು," ಅಂದೆ. "ನಿಮ್ಮಪ್ಪಂದು ಊಟ ನಿಧಾನ. ಫೋನ್ ಇಡ್ಬೇಡ ಕಣೇ, ಮೂರೂ ಜನ ಇನ್ನೊಂದ್ ಸ್ವಲ್ಪ ಹೊತ್ತು ಕೂತಿರೋಣ."